ಬೆಕ್ಕು ಎಂದು ಸಾಕಿದ ನಾಯಿ

ನಾಯಿ ಬೇಕು ಎಂದು ನಾನು ಯಾರನ್ನೂ ಕೇಳಿರಲಿಲ್ಲ. ನಮ್ಮ ಯಜಮಾನರು ಅರಸೀಕೆರೆ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಒಂದು ಸಂಜೆ ಅವರು ಮನೆಗೆ ಬಂದಾಗ ಕೈಯಲ್ಲಿ ಮುಚ್ಚಳವಿದ್ದ ಬೆತ್ತದ ಬುಟ್ಟಿಯೊಂದಿತ್ತು. ತರಕಾರಿ ಇರಬೇಕೆಂದು ಮುಚ್ಚಳ ತೆಗೆದೆ. ಒಳಗಿನಿಂದ ಎರಡು ಕಪ್ಪು ಕಣ್ಣುಗಳು ನನ್ನನ್ನು ನೋಡಿದವು. ಅವುಗಳ ಸುತ್ತ ಬರೀ ಬಿಳಿ ಕೂದಲು. ಪ್ರಾಣಿ ಅಂತ ಇದ್ದರೆ ಅದು ಆ ಕೂದಲಿನ ಒಳಗೆಲ್ಲೋ ಇರಬೇಕು.

ವಿಷಯ ಇಷ್ಟು. ಇಂಜಿನ್ ಡ್ರೈವರೊಬ್ಬರ ಹೆಂಡತಿ, ಆಂಗ್ಲೋ ಇಂಡಿಯನ್ ಹೆಂಗಸು, ಮನೆಮಂದಿಯೊಡನೆ ಆಸ್ಟ್ರೇಲಿಯಾಕ್ಕೆ ಹೊರಟಿದ್ದಳು. ನಾಯಿಯನ್ನು ಕರೆದುಕೊಂಡು ಹೋಗುವ ಹಾಗಿರಲಿಲ್ಲ. ಆಕೆಯ ಪೆಟ್ಟಿಗೆಗಳನ್ನೆಲ್ಲ ಬುಕ್ ಮಾಡಿಸಿಕೊಟ್ಟವರು ಇವರು. ಕೊನೆಯಲ್ಲಿ ಆಕೆ ಅಳುತ್ತ ಬುಟ್ಟಿಯನ್ನು ಇವರ ಕೈಗಿಟ್ಟಳಂತೆ, ಇವರು ತೆಗೆದುಕೊಂಡರಂತೆ. ಹೆಂಗಸರ ಕಣ್ಣೀರು ಕಂಡರೆ ಇವರ ಮನಸ್ಸು ಬೆಣ್ಣೆಯಾಗುತ್ತಿತ್ತು, ಆ ಹೆಂಗಸು ಬೇರೆ ಮನೆಯವಳಾಗಿರಬೇಕು ಅಷ್ಟೆ.

ಮರಿಯಿರಬೇಕು, ಬೆಳೆದರೆ ಹಿತ್ತಿಲಲ್ಲಿ ಕಟ್ಟಬಹುದು ಎಂದು ನಾನು ಲೆಕ್ಕ ಹಾಕಿದೆ. ‘ಇದು ಇಷ್ಟೇ. ಇನ್ನು ಬೆಳೆಯಲ್ಲ. ಪಮೇರಿಯನ್ ಜಾತಿ, ಅದರಲ್ಲೂ ಚಿಕ್ಕದು’ ಎಂದರು ಇವರು, ಏನೋ ದೊಡ್ಡ ಸಂಗತಿ ಹೇಳುವವರ ಹಾಗೆ. ಅದಕ್ಕೊಂದು ಇಂಗ್ಲಿಷ್ ಹೆಸರೂ ಇತ್ತು. ನಮ್ಮ ಮನೆಯಲ್ಲಿ ಯಾರ ನಾಲಗೆಯೂ ಅದಕ್ಕೆ ಹೊರಳಲಿಲ್ಲ. ಮರಿ ಎಂದೇ ಕರೆದೆವು. ವಯಸ್ಸಾದ ಮೇಲೂ ಅದು ಮರಿಯೇ.

ಆಗ ನಮಗಿನ್ನೂ ಮಕ್ಕಳಾಗಿರಲಿಲ್ಲ. ಮನೆಯಲ್ಲಿ ಇದ್ದವರು ನಾವಿಬ್ಬರು ಮತ್ತು ಅತ್ತೆ, ಅಂದರೆ ಇವರ ತಾಯಿ. ಮಾವನವರು ತೀರಿಕೊಂಡು ಕೆಲವು ವರ್ಷವಾಗಿತ್ತು. ಅತ್ತೆಯ ಮಡಿ ಎಂದರೆ ನಮ್ಮ ಬೀದಿಯಲ್ಲೇ ಹೆಸರುವಾಸಿ. ಒಗೆದು ಹರವಿದ ಸೀರೆಗೆ ಗಾಳಿಯಲ್ಲಿ ಯಾರದೋ ಪಂಚೆ ತಗುಲಿದರೂ ಅದು ಮತ್ತೆ ಬಾವಿಗೆ ಹೋಗಬೇಕು. ಅಂಥ ಮನೆಗೆ ಇವರು ನಾಯಿ ತಂದರು. ಅತ್ತೆ ಬುಟ್ಟಿಯ ಕಡೆ ಒಂದು ಸಲ ನೋಡಿ ಮಗನಿಗೆ, ‘ಹೊರಗಿರ್ಲಿ ಕಣೋ’ ಎಂದಷ್ಟೇ ಹೇಳಿ ಒಳಗೆ ಹೋದರು.

ಹೊರಗಿರಲಿ ಎಂದರೆ ಎಲ್ಲಿ? ಹಿತ್ತಿಲಲ್ಲಿ ಬಿಟ್ಟರೆ ತೆಂಗಿನ ಮರದ ಮೇಲೆ ಹದ್ದು ಕಾದು ಕೂರುತ್ತಿತ್ತು. ಬೀದಿಯಲ್ಲಿ ಬಿಟ್ಟರೆ ಬೀದಿನಾಯಿಗಳು ಒಂದೇ ಬಾಯಿಗೆ ಮುಗಿಸುತ್ತಿದ್ದವು. ಜಗಲಿಯಿಂದ ಕೆಳಗಿಳಿಯಲು ಅದಕ್ಕೆ ಬರುತ್ತಿರಲಿಲ್ಲ, ಮೇಲೆ ಹತ್ತಲೂ ಬರುತ್ತಿರಲಿಲ್ಲ. ಎರಡಕ್ಕೂ ಯಾರಾದರೂ ಎತ್ತಬೇಕು. ಇವರು ಆಫೀಸಿಗೆ ಹೋದ ಮೇಲೆ ಎತ್ತುವವಳು ನಾನೊಬ್ಬಳೇ. ಎತ್ತಿದರೆ ಮೈಲಿಗೆ. ಮೈಲಿಗೆಯಾದರೆ ಅಡುಗೆಮನೆಯ ಹೊಸಿಲು ದಾಟುವ ಮೊದಲು ತಲೆಗೆ ಸ್ನಾನ. ಸ್ನಾನಕ್ಕೆ ನೀರು ಬಾವಿಯಿಂದ. ಸ್ನಾನ ಮಾಡಿ ಬಂದು ಬೇಳೆಗೆ ಉಪ್ಪು ಹಾಕುವಷ್ಟರಲ್ಲಿ ಅದು ಮತ್ತೆ ಜಗಲಿಯ ತುದಿಯಲ್ಲಿ ನಿಂತು ಕುಂಯ್ ಎನ್ನುತ್ತಿತ್ತು. ನಾನು ಮತ್ತೆ ಹೋಗಿ ಎತ್ತಬೇಕು, ಮತ್ತೆ ಬಾವಿಗೆ ನಡೆಯಬೇಕು.

ಆ ವರ್ಷ ನನ್ನ ಕೂದಲು ಒಣಗಿದ್ದೇ ನೆನಪಿಲ್ಲ. ಅರಸೀಕೆರೆಯ ಮಾಗಿ ಗಾಳಿ ಮೈ ಕೊರೆಯುವಂಥದ್ದು. ಒದ್ದೆ ತುರುಬು ಕಟ್ಟಿಕೊಂಡು ಓಡಾಡಿ ನೆಗಡಿ, ತಲೆನೋವು ನನ್ನ ಬೆನ್ನು ಬಿಡಲೇ ಇಲ್ಲ.

ನಾಯಿಯ ಚಾಕರಿಯೇನು ಕಡಿಮೆಯೇ? ದೊಡ್ಡ ನಾಯಿ ಸಾಕುವುದು ಸುಲಭ, ಒಂದು ಮುದ್ದೆ ಎಸೆದರೆ ಆಯಿತು. ಇದಕ್ಕೆ ಮೆತ್ತಗೆ ಬೇಯಿಸಿದ ಅನ್ನವನ್ನು ಹಾಲಿನಲ್ಲಿ ಕಿವುಚಿ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಹಲವು ಸಲ ಕೊಡಬೇಕು. ಒಂದು ಹೊತ್ತು ತಪ್ಪಿದರೆ ಕಾಲು ನಡುಗಿ ಕೂತುಬಿಡುತ್ತಿತ್ತು. ಕೂದಲನ್ನು ದಿನವೂ ಬಾಚದಿದ್ದರೆ ಗಂಟು ಬೀಳುತ್ತಿತ್ತು. ಗಂಟು ಬಿಡಿಸಲು ಹೋದರೆ ನನ್ನ ಬೆರಳನ್ನೇ ಕಚ್ಚುತ್ತಿತ್ತು. ಕಣ್ಣಿನಿಂದ ನೀರು ಇಳಿದು ಮೂತಿಯ ಎರಡೂ ಕಡೆ ಕಂದುಗಟ್ಟುತ್ತಿತ್ತು, ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಚಳಿಗೆ ನನ್ನ ಹಳೆಯ ರವಿಕೆಯೊಂದನ್ನು ಕತ್ತರಿಸಿ ಅಂಗಿ ಹೊಲಿದು ಹಾಕಿದೆ. ಜೊತೆಗೊಂದು ಕೆಮ್ಮು. ಸ್ವಲ್ಪ ಖುಷಿಯಾದರೂ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಬಾತುಕೋಳಿಯ ಸ್ವರದಲ್ಲಿ ಕೆಮ್ಮುತ್ತಿತ್ತು. ಅದು ನಿಲ್ಲುವವರೆಗೆ ಎದೆ ನೀವುತ್ತ ಕೂರಬೇಕು. ಊರ ತುಂಬ ಕೊಬ್ಬರಿ. ಕೆಳಗಿಳಿಸಿದ್ದಾಗ ಪಕ್ಕದ ಮನೆಯವರ ಅಂಗಳದಿಂದ ಒಂದು ಚೂರು ಕಚ್ಚಿಕೊಂಡು ಬಂದು ಗಂಟಲಿಗೆ ಸಿಕ್ಕಿಸಿಕೊಂಡ ದಿನ ನನ್ನ ಜೀವವೇ ಬಾಯಿಗೆ ಬಂದಿತ್ತು.

ಇನ್ನೊಂದು ಕಾಟವೆಂದರೆ ರೈಲು. ಅದು ಹುಟ್ಟಿ ಬೆಳೆದದ್ದು ರೈಲ್ವೆ ಕ್ವಾರ್ಟರ್ಸಿನಲ್ಲಿ. ಇಂಜಿನ್ ಸಿಳ್ಳೆ ಹಾಕಿದರೆ ತನ್ನ ಯಜಮಾನ ಮನೆಗೆ ಬಂದ ಎಂದೇ ಅದರ ತಿಳಿವಳಿಕೆ. ಎಲ್ಲಿದ್ದರೂ ಎದ್ದು ನಿಂತು ಸಣ್ಣ ಸ್ವರದಲ್ಲಿ ಬೊಗಳುತ್ತಿತ್ತು, ಬೊಗಳಿ ಬೊಗಳಿ ಕೆಮ್ಮುತ್ತಿತ್ತು. ಜಂಕ್ಷನ್ ಊರಿನಲ್ಲಿ ಸಿಳ್ಳೆಗೇನು ಬರವೇ? ಆ ಡ್ರೈವರು ಎಂದೋ ಸಮುದ್ರ ದಾಟಿದ್ದ. ಅದಕ್ಕೆ ಅದನ್ನು ಹೇಳುವುದು ಹೇಗೆ?

ಸಂಜೆ ಮನೆಗೆ ಬಂದ ಇವರು ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ‘ಎಷ್ಟು ಚೆನ್ನಾಗಿ ನೋಡ್ಕೊಂಡಿದೀಯ’ ಎನ್ನುತ್ತಿದ್ದರು. ಆ ಮಾತು ನನಗೋ ನಾಯಿಗೋ ತಿಳಿಯುತ್ತಿರಲಿಲ್ಲ.

ಒಮ್ಮೆ ಹಳೇಬೀಡಿನ ನನ್ನ ತವರಿಗೆ ಹೋಗಬೇಕಾಯಿತು. ಅತ್ತೆ ಅದನ್ನು ಮುಟ್ಟುವುದಿಲ್ಲ, ಇವರಿಗೆ ಡ್ಯೂಟಿ. ಬುಟ್ಟಿ ಸಮೇತ ಬಸ್ ಹತ್ತಿದೆ. ಇಳಿದದ್ದೇ ತಡ, ಬಸ್ತಿಹಳ್ಳಿ ಕಡೆಯಿಂದ ಕುರಿ ಹೊಡೆದುಕೊಂಡು ಬರುತ್ತಿದ್ದ ಮುದುಕನೊಬ್ಬ ಬುಟ್ಟಿಯೊಳಗೆ ಬಗ್ಗಿ ನೋಡಿದ.

‘ಏನವ್ವಾ ಇದು, ಮೊಲವಾ?’

‘ನಾಯಿ ಕಣಪ್ಪ.’

ಅವನು ಮತ್ತೊಮ್ಮೆ ನೋಡಿ, ‘ಇದು ಕುರಿ ಕಾಯ್ತೈತೋ, ಕುರಿಗಳೇ ಇದನ್ನ ಕಾಯ್ಬೇಕೋ?’ ಎಂದು ನಗುತ್ತ ಹೋದ.

ತವರಿನಲ್ಲಿ ಎರಡು ದಿನ ಕಾಲು ಚಾಚಿ ಮಲಗಬೇಕೆಂದು ಆಸೆಪಟ್ಟು ಹೋದವಳು ನಾನು. ಇದನ್ನು ನೋಡಲು ಬಂದವರಿಗೆ ಕಾಫಿ ಮಾಡಿಕೊಟ್ಟೇ ನನ್ನ ಸೊಂಟ ಬಿತ್ತು. ನಮ್ಮಮ್ಮ ಹೊರಡುವಾಗ, ‘ಬಡವಾಗಿದೆ ಕಣೇ, ಹಾಲು ಸರಿಯಾಗಿ ಕೊಡು’ ಎಂದರು. ನಾಯಿ ಬಡವಾಗಿರುವುದು ಅಮ್ಮನ ಕಣ್ಣಿಗೂ ಬಿತ್ತು. ನನ್ನನ್ನು ಯಾರೂ ಹಾಗೆ ನೋಡಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಆ ಮಾತೇ ಕೊರೆಯಿತು.

ವಾಪಸು ಬಂದ ಮೇಲೆ ಜ್ವರ ಹಿಡಿದು ಮಲಗಿದೆ. ಅಡುಗೆ ಅತ್ತೆಯ ತಲೆಗೆ ಬಿತ್ತು, ನಾಯಿ ಇವರ ತಲೆಗೆ. ಇವರು ಎರಡೇ ದಿನಕ್ಕೆ ಹೈರಾಣಾಗಿ ಅದನ್ನು ನಡುಮನೆಯೊಳಗೇ ಬಿಟ್ಟುಕೊಂಡರು. ಜ್ವರ ಬಿಟ್ಟು ನಾನು ಗೋಡೆ ಹಿಡಿದುಕೊಂಡು ಎದ್ದು ಬಂದ ಬೆಳಿಗ್ಗೆ ನಾಯಿ ಅಡುಗೆಮನೆಯ ಹೊಸಿಲಿನಲ್ಲೇ ಕೂತಿತ್ತು. ಅದನ್ನು ಎತ್ತಿ ನಡುಮನೆಗೆ ಬಿಟ್ಟು, ಸೀರೆ ತೆಗೆದುಕೊಂಡು ಬಚ್ಚಲಿನ ಕಡೆ ಹೊರಟೆ. ಅತ್ತೆ ಒಲೆಯ ಮುಂದೆ ಕೂತಿದ್ದರು.

‘ಎಲ್ಲಿಗೇ?’

‘ಸ್ನಾನಕ್ಕೆ. ನಾಯಿ ಮುಟ್ಟಿದ್ನಲ್ಲ.’

ಅತ್ತೆ ಊದುಗೊಳವೆಯಲ್ಲಿ ಒಲೆ ಊದಿದರು. ಬೆಂಕಿ ಹತ್ತಿಕೊಂಡ ಮೇಲೆ, ‘ಅದು ನಾಯಿಯಲ್ಲ’ ಎಂದರು.

‘ಮತ್ತೇನು ಅತ್ತೆ?’

‘ಬೆಕ್ಕು.’

ನಾನು ಅವರ ಮುಖ ನೋಡಿದೆ. ತಮಾಷೆ ಮಾಡುವ ಜೀವ ಅದಲ್ಲ. ‘ಇಷ್ಟುದ್ದ ಇದೆ, ಹಾಲನ್ನ ತಿನ್ನುತ್ತೆ, ಒಳಗೇ ಮಲಗುತ್ತೆ. ನಾಯಿ ಹಾಗಿರುತ್ತಾ? ಬೆಕ್ಕು ಅಂತ ಹೇಳಿದೆನಲ್ಲ. ಇನ್ಮೇಲೆ ಹಾಗೇ ಕರೀರಿ’ ಎಂದು ಅನ್ನದ ತಪ್ಪಲೆ ಇಳಿಸಿದರು.

ಬೆಕ್ಕಿಗೆ ನಮ್ಮವರಲ್ಲಿ ಮೈಲಿಗೆಯಿಲ್ಲ. ಅದು ಒಲೆಕಟ್ಟೆಯ ಮೇಲೆ ಮಲಗಿದರೂ ಯಾರೂ ಚಕಾರ ಎತ್ತುವುದಿಲ್ಲ. ಹೀಗೆ ಒಂದೇ ಮಾತಿನಲ್ಲಿ ನಾಯಿಯ ಜಾತಿ ಬದಲಾಯಿತು. ಅತ್ತೆಗೂ ಅದರ ಮೇಲೆ ಮೋಹ ಹತ್ತಿದೆ, ಅದಕ್ಕೇ ಈ ಉಪಾಯ ಎಂದು ನಾನು ತಿಳಿದೆ. ಸ್ನಾನ ತಪ್ಪಿದ್ದು ನನ್ನ ಪುಣ್ಯ ಎಂದುಕೊಂಡೆ. ಒಳಗೊಳಗೆ ಹೊಟ್ಟೆಯೂ ಉರಿಯಿತು. ಈ ಮನೆಯಲ್ಲಿ ನಾಯಿಗಾಗಿ ಮಡಿ ಸಡಿಲವಾಗುತ್ತದೆ, ಸೊಸೆಗಾಗಿ ಆಗಲಿಲ್ಲವಲ್ಲ ಎಂದು.

ಅತ್ತೆ ಮಾತಿಗೆ ಗಟ್ಟಿ. ಪಕ್ಕದ ಮನೆಯವರು ಕೊಬ್ಬರಿ ವ್ಯಾಪಾರದವರು, ಲಿಂಗಾಯತರು. ಆ ಮನೆಯಾಕೆ ಗೋಡೆಯಾಚೆಯಿಂದ ಕೀಟಲೆ ಮಾಡುತ್ತಿದ್ದರು. ‘ಏನ್ರವ್ವಾ, ನಿಮ್ ಬೆಕ್ಕು ಬೊಗಳ್ತಾ ಐತಲ್ಲ?’ ಅತ್ತೆ ತಲೆಯೆತ್ತದೆ, ‘ಗಂಟಲು ಕಟ್ಟಿದೆ’ ಎನ್ನುತ್ತಿದ್ದರು. ಅದು ಜಗಲಿಯಿಂದ ಹಾರಿ ಮುಂಗಾಲು ಮುರಿದುಕೊಂಡಾಗ ದನದ ಆಸ್ಪತ್ರೆಗೆ ಒಯ್ದೆವು. ಕಡ್ಡಿಯಷ್ಟು ಸಣ್ಣ ಕಾಲಿಗೆ ಡಾಕ್ಟರು ಬಿದಿರಿನ ಸೀಳು ಇಟ್ಟು ಕಟ್ಟಿದರು. ‘ಹೇಗಿದೆ ಬೆಕ್ಕು?’ ಎಂದು ಅತ್ತೆ ಕೇಳಿದಾಗ ಇವರೂ ಮುಖ ಗಂಭೀರ ಮಾಡಿಕೊಂಡು, ‘ಬೆಕ್ಕಿಗೆ ಕಾಲು ಕೂಡುತ್ತಂತೆ ಅಮ್ಮಾ’ ಎಂದರು. ಕಾಲು ಕೂಡುವವರೆಗೆ ಅದನ್ನು ಸೊಂಟದಲ್ಲಿ ಹೊತ್ತುಕೊಂಡೇ ರುಬ್ಬಿದೆ, ಗುಡಿಸಿದೆ, ನೀರು ಸೇದಿದೆ.

ಸ್ನಾನವೊಂದು ನಿಂತಿತು, ಕೆಲಸ ನಿಲ್ಲಲಿಲ್ಲ. ಅದರ ಹಲ್ಲು ಅಲುಗಾಡತೊಡಗಿದವು, ಅನ್ನವನ್ನು ಇನ್ನೂ ನುಣ್ಣಗೆ ಕಿವುಚಬೇಕಾಯಿತು. ಕೆಮ್ಮು ಹೆಚ್ಚಾಯಿತು. ನನಗೆ ಕೂತಲ್ಲೇ ತೂಕಡಿಕೆ. ಮಾವನವರ ತಿಥಿ ಹತ್ತಿರ ಬಂದಾಗ ಒಂದು ದಿನ ಇವರಿಗೆ ಹೇಳಿಯೇಬಿಟ್ಟೆ. ‘ತಿಥಿ ಮುಗಿದ ಮೇಲೆ ಇದನ್ನ ಯಾರಿಗಾದ್ರೂ ಕೊಟ್ಬಿಡಿ ರೀ. ನನ್ನ ಕೈಲಿ ಆಗಲ್ಲ.’

‘ನೋಡೋಣ’ ಎಂದರು. ನಮ್ಮ ಮನೆಯಲ್ಲಿ ನೋಡೋಣ ಎಂದರೆ ಆಗುವುದಿಲ್ಲ ಎಂದೇ ಅರ್ಥ. ‘ನೋಡೋಣ ಅಲ್ಲ. ಅದು ಹೋಗ್ಲಿ, ಇಲ್ಲಾ ನಾನು ತವರಿಗೆ ಹೋಗ್ತೀನಿ’ ಎಂದೆ. ನನ್ನ ಸ್ವರ ಏರಿತ್ತು. ಅತ್ತೆ ನಡುಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದರು. ಕೇಳಿಸಿರಬೇಕು.

ತಿಥಿಯ ಅನ್ನವನ್ನು ನಾಯಿ ನೋಡಿದರೂ ಕೆಟ್ಟಿತು ಎಂಬುದು ನಮ್ಮ ಶಾಸ್ತ್ರ. ಹಿಂದಿನ ವರ್ಷ ಆ ದಿನ ಅದನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದೆವು. ಈ ಸಲ ಅವರು ಮನೆಗೆ ಬೀಗ ಹಾಕಿ ಮಠಕ್ಕೆ ಹೋಗಿದ್ದರು. ಅತ್ತೆ ಬೆಳಿಗ್ಗೆಯೇ, ‘ಬೆಕ್ಕಾದ್ರೂ ಇವತ್ತು ಒಳಗೆ ಬೇಡ’ ಎಂದರು. ಬುಟ್ಟಿಯಲ್ಲಿ ಹಳೆ ಸೀರೆ ಹಾಸಿ, ಅದನ್ನು ಮಲಗಿಸಿ, ಹಿತ್ತಿಲ ಸೌದೆ ಕೊಟ್ಟಿಗೆಯಲ್ಲಿಟ್ಟು ಬಂದು, ತಲೆಗೆ ನೀರು ಹೊಯ್ದುಕೊಂಡು ಒದ್ದೆ ಸೀರೆಯಲ್ಲಿ ಒಲೆಯ ಮುಂದೆ ಕೂತೆ.

ತಿಥಿಯ ಅಡುಗೆ ಮಾಡಿದವರಿಗೇ ಗೊತ್ತು ಅದರ ಕಷ್ಟ. ಬಾಯಿಗೆ ನೀರು ಹಾಕುವಂತಿಲ್ಲ. ಮೆಣಸಿನಕಾಯಿ ಇಲ್ಲ, ಎಲ್ಲಕ್ಕೂ ಕಾಳುಮೆಣಸೇ ಕುಟ್ಟಬೇಕು. ಬಾಳೆಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ಎಳ್ಳಿನ ಪುಡಿ, ವಡೆ, ಪಾಯಸ, ಎರಡು ಬಗೆಯ ಚಟ್ನಿ. ಅತ್ತೆ ಪಕ್ಕದಲ್ಲಿ ಕೂತು ಹೇಳುತ್ತಿದ್ದರು. ಅವರ ಕೈ ಆಗಲೇ ನಡುಗುತ್ತಿತ್ತು, ಕಾದ ಎಣ್ಣೆಯ ಕೆಲಸ ಆಗುತ್ತಿರಲಿಲ್ಲ. ವಡೆಯೆಲ್ಲ ಕರಿದು ಮುಗಿಸಿ ಬಾಣಲೆ ಇಳಿಸಿದಾಗ ನನ್ನ ಕಣ್ಣಿಗೆ ಕತ್ತಲೆ ಬಂತು. ಬಾಗಿಲ ತೋಳಿಗೆ ಒರಗಿ ಕೂತೆ. ಹಾರನಹಳ್ಳಿಯಿಂದ ಬಸ್ಸಿನಲ್ಲಿ ಬಂದಿದ್ದ ಶಾಸ್ತ್ರಿಗಳು ನಡುಮನೆಯಲ್ಲಿ ಮಂತ್ರ ಹೇಳಿಸುತ್ತಿದ್ದರು. ಊಟಕ್ಕೆ ಕರೆದಿದ್ದ ಇನ್ನಿಬ್ಬರು ಬ್ರಾಹ್ಮಣರು ಮಣೆಯ ಮೇಲೆ ಕೂತಿದ್ದರು. ಇವರು ಬೆರಳಿಗೆ ದರ್ಭೆಯ ಉಂಗುರ ಹಾಕಿಕೊಂಡು ಅವರ ಮುಂದೆ ಕೂತಿದ್ದರು. ಇನ್ನೇನು ಎಲೆಗೆ ಬಡಿಸಬೇಕು, ಸ್ಟೇಷನ್ನಿನಲ್ಲಿ ಇಂಜಿನ್ ಸಿಳ್ಳೆ ಹಾಕಿತು.

ಹಿತ್ತಿಲಿನಿಂದ ಬೊಗಳುವ ಸದ್ದು ಸಣ್ಣಗೆ, ಸ್ಪಷ್ಟವಾಗಿ ಕೇಳಿಸಿತು.

ಶಾಸ್ತ್ರಿಗಳು ಮಂತ್ರ ನಿಲ್ಲಿಸಿದರು. ‘ಏನಪ್ಪ ಅದು?’

‘ಬೆಕ್ಕು’ ಎಂದರು ಇವರು. ರೂಢಿಯಾಗಿಬಿಟ್ಟಿತ್ತು.

‘ಬೊಗಳಿತಲ್ಲಪ್ಪ.’

ಶಾಸ್ತ್ರಿಗಳು ಒಳ್ಳೆಯ ಮನುಷ್ಯರು. ಅತ್ತೆಯ ಕಡೆ ತಿರುಗಿ ಮೆಲ್ಲಗೆ, ‘ಬೀದಿ ನಾಯಿ ಎಲ್ಲೋ ಬಂದಿರಬೇಕು ಅಲ್ವೇ ತಾಯಿ? ಬೀದೀದಾದ್ರೆ ದೋಷ ಏನಿಲ್ಲ. ಓಡಿಸಿ ಬಂದ್ರೆ ಮುಂದುವರಿಸೋಣ’ ಎಂದರು.

ಹೌದು ಎಂದುಬಿಡಿ ಅತ್ತೆ, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಬೀದಿಯದು ಎಂದರೆ ಇನ್ನೊಂದು ಗಳಿಗೆಯಲ್ಲಿ ಎಲ್ಲ ಮುಗಿಯುತ್ತದೆ. ಮನೆಯದು ಎಂದರೆ ಮಾಡಿದ ಅಡುಗೆಯಷ್ಟೂ ದಂಡ. ಒಲೆ ಸಾರಿಸಿ, ಪಾತ್ರೆ ತೊಳೆದು, ಮತ್ತೆ ತಲೆಗೆ ನೀರು ಹೊಯ್ದುಕೊಂಡು, ಮೊದಲಿನಿಂದ ಎಲ್ಲವನ್ನೂ ಮಾಡಬೇಕು.

ಅತ್ತೆ ಸೆರಗನ್ನು ತಲೆಯ ಮೇಲೆ ಸರಿ ಮಾಡಿಕೊಂಡರು. ‘ಬೀದೀದಲ್ಲ ಶಾಸ್ತ್ರಿಗಳೇ. ನಮ್ಮನೇದೇ. ನಾಯೀನೇ. ಅಡುಗೆಮನೆ ಒಳಗೇ ಓಡಾಡ್ಕೊಂಡಿದೆ.’

‘ಅಮ್ಮಾ’ ಎಂದರು ಇವರು.

‘ಸುಮ್ನಿರೋ. ನಿಮ್ಮಪ್ಪನ ಎದುರು ಸುಳ್ಳು ಹೇಳ್ಲಾ?’ ಮತ್ತೆ ಶಾಸ್ತ್ರಿಗಳಿಗೆ ಹೇಳಿದರು, ‘ಬೆಕ್ಕು ಅಂತ ಮಾಡಿದ್ದು ನಾನೇ. ಇವಳು ಆ ನಾಯಿ ಮುಟ್ಟಿದಾಗಲೆಲ್ಲ ತಣ್ಣೀರು ಹುಯ್ಕೊಂಡು ಹುಯ್ಕೊಂಡು ಜ್ವರ ತಂದ್ಕೊಂಡ್ಳು. ಸ್ನಾನ ಬೇಡ ಅಂತ ನಾನು ಹೇಗೆ ಹೇಳ್ಲಿ? ಹೇಳಿದ್ರೆ ನನ್ನ ಮಡಿ ಹೋಗುತ್ತೆ. ಹೇಳದಿದ್ರೆ ಇವಳು ಹೋಗ್ತಾಳೆ. ನನಗೆ ತೋಚಿದ್ದು ಅಷ್ಟೇ.’

ನಾನು ಒರಗಿದ್ದ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಇಷ್ಟು ದಿನ ನಾಯಿಗಾಗಿ ಎಂದುಕೊಂಡಿದ್ದ ಉಪಾಯ ನನಗಾಗಿ ಮಾಡಿದ್ದಾಗಿತ್ತು. ಅಷ್ಟು ಹತ್ತಿರ ಒಂದೇ ಒಲೆಯ ಮುಂದೆ ಕೂತು ಬೇಯಿಸುತ್ತಿದ್ದರೂ ನನಗೆ ಅದು ತಿಳಿದಿರಲಿಲ್ಲ.

ಶಾಸ್ತ್ರಿಗಳು ಎಲೆಗಳ ಕಡೆ ನೋಡಿದರು. ‘ಹಾಗಾದ್ರೆ ಮತ್ತೆ ಅಡುಗೆ ಆಗ್ಬೇಕಲ್ಲ ತಾಯಿ.’

‘ಆಗಲ್ಲ’ ಎಂದರು ಅತ್ತೆ. ‘ಅಕ್ಕಿ, ಬೇಳೆ, ತರಕಾರಿ ಕೊಡ್ತೀನಿ. ಹಸೀದೇ ಕೊಟ್ಟು ಮಾಡೋ ಕ್ರಮ ಇದೆಯಲ್ಲ.’

‘ಆಮಶ್ರಾದ್ಧ. ಇದೆ, ಇಲ್ಲ ಅನ್ನಲ್ಲ. ಆದ್ರೆ ಅದು ಪ್ರಯಾಣದಲ್ಲಿ ಇರೋರಿಗೆ, ಹೆಂಡತಿ ಇಲ್ಲದೋರಿಗೆ. ಅಡುಗೆ ಮಾಡೋ ಹೆಂಡತಿ ಇರೋ ಮನೇಲಿ...’

‘ಹೆಂಡತಿ ಇದಾಳೆ. ಸುಸ್ತಾಗಿದಾಳೆ’ ಎಂದರು ಅತ್ತೆ.

ಶಾಸ್ತ್ರಿಗಳು ಬಾಗಿಲಲ್ಲಿ ಕೂತಿದ್ದ ನನ್ನ ಕಡೆ ಒಮ್ಮೆ ನೋಡಿ, ಎಲೆಗಳನ್ನು ತೆಗೆಸಿದರು. ಇವರನ್ನು ಮತ್ತೆ ಸ್ನಾನಕ್ಕೆ ಕಳಿಸಿದರು. ಅತ್ತೆ ತಾವೇ ಕೋಣೆಗೆ ಹೋಗಿ ಅಕ್ಕಿ, ಬೇಳೆ, ಬೆಲ್ಲ, ಬಾಳೆಕಾಯಿ ತಂದು ಮೊರದಲ್ಲಿಟ್ಟರು. ತುಪ್ಪದ ಗಿಂಡಿಯನ್ನು ನಡುಗುವ ಕೈಯಲ್ಲೇ ತಂದರು. ಸಂಕಲ್ಪ ಬದಲಾಯಿತು, ಮಂತ್ರ ಮುಗಿಯಿತು. ಬಂದವರು ಪಡಿ ಕಟ್ಟಿಕೊಂಡು, ಊಟವಿಲ್ಲದೆ, ಬೇಸರ ತೋರಿಸದೆ ಎದ್ದು ಹೋದರು. ಇವರು ಜಗಲಿಯ ಕಂಬಕ್ಕೆ ಒರಗಿ ಕೂತರು. ಅಪ್ಪನಿಗೆ ಒಂದು ತುತ್ತು ಅನ್ನ ಬಡಿಸುವುದಾಗಲಿಲ್ಲ ಎಂಬ ಸಂಕಟ ಅವರ ಮುಖದಲ್ಲಿತ್ತು. ಅತ್ತೆಗೆ ಆ ಸಂಕಟ ಇನ್ನೂ ಹೆಚ್ಚು ಇದ್ದಿರಬೇಕು. ಮಾವನವರಿಗೆ ಹಾಗಲಕಾಯಿ ಗೊಜ್ಜು ಎಂದರೆ ಪ್ರಾಣ ಎಂದು ಬೆಳಿಗ್ಗೆಯಿಂದ ಎರಡು ಸಲ ಹೇಳಿದ್ದರು.

ಅವರು ಅಡುಗೆಮನೆಗೆ ಬಂದು ಒಂದು ಎಲೆ ಹಾಕಿದರು. ‘ಬಾ, ಕೂತ್ಕೋ.’

‘ಇವರಿಗೆ ಮೊದಲು ಬಡಿಸ್ತೀನಿ ಅತ್ತೆ.’

‘ಅವನು ಕಾಯ್ತಾನೆ.’

ಗಂಡನಿಗಿಂತ ಮೊದಲು ಎಲೆಯ ಮುಂದೆ ಕೂತದ್ದು ಆ ಮನೆಯಲ್ಲಿ ಅದೇ ಮೊದಲ ಸಲ. ಅತ್ತೆ ಗೋಡೆ ಹಿಡಿದು ಬಗ್ಗಿ ಒಂದೊಂದಾಗಿ ಬಡಿಸಿದರು. ಅನ್ನ ಸ್ವಲ್ಪ ನೆಲಕ್ಕೂ ಚೆಲ್ಲಿತು. ಗೊಜ್ಜು ಬಡಿಸುವಾಗ ಒಂದು ಗಳಿಗೆ ಸೌಟು ಹಿಡಿದು ನಿಂತರು, ಆಮೇಲೆ ನನ್ನ ಎಲೆಗೆ ತುಂಬ ಹಾಕಿದರು. ನನಗೆ ಅಳು ಒತ್ತಿಕೊಂಡು ಬಂತು. ‘ಅಳ್ಬೇಡ, ಉಣ್ಣು. ಆರುತ್ತೆ’ ಎಂದರು.

ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಕೆಮ್ಮು ಶುರುವಾಯಿತು. ನಿಲ್ಲಲೇ ಇಲ್ಲ. ಎಂಜಲು ಕೈಯಲ್ಲೇ ಎದ್ದೆ.

‘ಕೂತ್ಕೋ ಅಂದ್ನಲ್ಲ.’

ಅತ್ತೆ ಹಿತ್ತಿಲಿಗೆ ಹೋದರು. ಬುಟ್ಟಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಅದನ್ನು ಅವರು ಎಂದೂ ಮುಟ್ಟಿದವರಲ್ಲ, ಬೆಕ್ಕು ಎಂದ ಮೇಲೂ ಮುಟ್ಟಿರಲಿಲ್ಲ. ‘ಏನಾಯ್ತೇ ನಿನಗೆ, ಹಾಂ, ಏನಾಯ್ತು’ ಎಂದು ಅವರು ಅದರ ಎದೆ ನೀವುತ್ತಿರುವುದು ಬಾಗಿಲಿನಿಂದ ಕಾಣುತ್ತಿತ್ತು. ಕೆಮ್ಮು ನಿಂತಿತು. ಅದನ್ನು ಬುಟ್ಟಿಯಲ್ಲಿ ಮಲಗಿಸಿ ಅತ್ತೆ ಬಾವಿಕಟ್ಟೆಗೆ ಹೋದರು. ರಾಟೆ ಕಿರುಗುಟ್ಟಿತು. ತುಂಬಿದ ಕೊಡ ಅವರಿಗೆ ಭಾರವಾಗುತ್ತದೆ, ನಡುನಡುವೆ ನಿಂತು ಹಗ್ಗ ಎಳೆಯುತ್ತಾರೆ ಎಂದು ನನಗೆ ಗೊತ್ತಿತ್ತು. ನಾನು ಏಳಲಿಲ್ಲ. ಗೊಜ್ಜಿಗೆ ಇನ್ನೂ ಸ್ವಲ್ಪ ಅನ್ನ ಎಳೆದುಕೊಂಡು, ಕಲಸಿ ಉಂಡೆ.